ದಾವಲ್‌ಸಾಬರು ಜೋಡಿಸಿದ ಮುನ್ನೂರ ನಲವತ್ತು ಪುಸ್ತಕಗಳು

ಆ ಊರಿನ ವಿಶ್ವವಿದ್ಯಾಲಯದಲ್ಲಿ ಇ-ಪುಸ್ತಕ ಮತ್ತು ಡಿಜಿಟಲ್ ಪ್ರಕಾಶನ ಕಲಿಸಲು ನನ್ನನ್ನು ಕರೆದಾಗ ನನಗೆ ಮೂವತ್ತೊಂಬತ್ತು ವರ್ಷ. ಅತಿಥಿ ಉಪನ್ಯಾಸಕಿಯ ಕೆಲಸ, ವರ್ಷ ವರ್ಷಕ್ಕೂ ಹೊಸ ಆದೇಶ ಬರಬೇಕು. ಸೇರಿದ ದಿನವೇ ಗ್ರಂಥಾಲಯ ನೋಡಲು ಹೋದೆ. ಹಿಂದಿನ ಎರಡು ಸಾಲು ಕಪಾಟುಗಳಲ್ಲಿ ಗಟ್ಟಿ ರಟ್ಟಿನ ಚೆಂದದ ಪುಸ್ತಕಗಳಿದ್ದವು. ಒಂದನ್ನು ತೆಗೆದು ಬಿಡಿಸಿದೆ, ಬರೀ ಬಿಳಿ ಹಾಳೆ. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ. ಗ್ರಂಥಪಾಲಕರು ತಲೆ ಎತ್ತದೆ, ಅವು ತೀರಿಕೊಂಡವರವು ಎಂದರು.

ಆ ಊರಿನಲ್ಲಿ ಅಕ್ಷರ ಇರುತ್ತಿದ್ದುದು ಅದನ್ನು ಮೂಡಿಸಿದ ಕೈ ಇರುವ ತನಕ ಮಾತ್ರ. ಪೆನ್ನು ಹಿಡಿದು ಬರೆದದ್ದಿರಲಿ, ಅಚ್ಚಿನ ಮೊಳೆ ಜೋಡಿಸಿದ್ದಿರಲಿ, ಕಂಪ್ಯೂಟರಿನ ಕೀಲಿ ಒತ್ತಿದ್ದಿರಲಿ, ಎಲ್ಲಕ್ಕೂ ಒಂದೇ ಲೆಕ್ಕ. ಪುಸ್ತಕ ಯಾರದ್ದೇ ಆಗಿರಲಿ, ಜೋಡಿಸಿದವನು ಕಣ್ಣು ಮುಚ್ಚಿದ ಗಳಿಗೆಗೆ ಅಕ್ಷರವೂ ಹೋಗುತ್ತಿತ್ತು. ಫೋಟೊ ತೆಗೆದಿಟ್ಟಿದ್ದರೆ ಫೋಟೊದೊಳಗಿನದೂ ಹೋಗುತ್ತಿತ್ತು. ಊರವರು ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರು ಕಳೆದಿತ್ತು. ಅಂಗಡಿಯ ಬೋರ್ಡು ಬರೆಸುವವರು ಚಿಕ್ಕ ವಯಸ್ಸಿನ ಪೇಂಟರನ್ನೇ ಹುಡುಕುತ್ತಿದ್ದರು. ಪರವೂರಿನಿಂದ ಬಂದ ಹಳೆಯ ಕಾಗದವೊಂದು ಪೆಟ್ಟಿಗೆಯಲ್ಲಿ ಬಿಳಿಯಾಗಿ ಸಿಕ್ಕರೆ, ಯಾರನ್ನೂ ಏನೂ ಕೇಳದೆ ಸೂತಕದ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. ಮುಖ್ಯವಾದದ್ದೇನಾದರೂ ಬರೆದ ಕೈಯಾದರೆ ಅದು ಊರಿನ ಸೊತ್ತು. ಅಂಥವರು ಮರ ಹತ್ತುವಂತಿಲ್ಲ, ಹೊಳೆಗೆ ಇಳಿಯುವಂತಿಲ್ಲ, ಘಾಟಿನ ಬಸ್ಸು ಹತ್ತುವಂತಿಲ್ಲ.

ದಾವಲ್‌ಸಾಬರು ಅಂಥ ಕೈಗಳಲ್ಲೆಲ್ಲ ದೊಡ್ಡವರು. ಹದಿನಾರನೆಯ ವಯಸ್ಸಿಗೆ ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಕಂಪೋಸಿಟರ್ ಆಗಿ ಬಂದವರು, ಅರವತ್ತು ವರ್ಷದಲ್ಲಿ ಒಂದೊಂದೇ ಮೊಳೆ ಎತ್ತಿಟ್ಟು ಮುನ್ನೂರ ನಲವತ್ತು ಪುಸ್ತಕ ಜೋಡಿಸಿದ್ದರು. ಊರಿನ ನಿಘಂಟು ಅವರದು. ಸೂಲಗಿತ್ತಿಯರ ಕೈಪಿಡಿ ಅವರದು. ಒಂದರಿಂದ ಏಳನೆಯ ಈಯತ್ತೆವರೆಗಿನ ಪಾಠಗಳೂ ಅವರವೇ. ಅವರ ನಂತರ ಆ ಕೆಲಸಕ್ಕೆ ಯಾರೂ ಬಂದಿರಲಿಲ್ಲ, ಮಕ್ಕಳನ್ನು ಅದಕ್ಕೆ ಕಳಿಸಲು ಯಾವ ತಾಯಿಯೂ ಒಪ್ಪುತ್ತಿರಲಿಲ್ಲ. ನಾನು ಬಂದ ವರ್ಷ ಅವರಿಗೆ ಎಪ್ಪತ್ತಾರು, ಕೆಮ್ಮು ಶುರುವಾಗಿತ್ತು. ಕೆಮ್ಮಿನ ಸುದ್ದಿ ಕ್ಯಾಂಟೀನಿನಲ್ಲಿ, ಬಸ್ ನಿಲ್ದಾಣದಲ್ಲಿ, ಕಾಯಿಪಲ್ಯದ ಸಂತೆಯಲ್ಲಿ ಓಡಾಡುತ್ತಿತ್ತು. ಬೆಳಿಗ್ಗೆ ಪರಸ್ಪರ ಕಂಡವರು ಮೊದಲು ಕೇಳುತ್ತಿದ್ದುದು, ಇವತ್ತು ಸಾಹೇಬರು ಎಷ್ಟು ಸಲ ಕೆಮ್ಮಿದರಂತೆ ಎಂದು.

ಕುಲಸಚಿವರಾದ ಹೊಸೂರಮಠರು ನನ್ನನ್ನು ಕರೆಸಿದ್ದೇ ಅದಕ್ಕೆ. ಅವರು ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯರು. ಹದಿನಾಲ್ಕು ಮಂದಿ ವಿದ್ಯಾರ್ಥಿಗಳಿದ್ದಾರೆ, ಎಲ್ಲರಿಗೂ ಬೆರಳಚ್ಚು ಬರುತ್ತದೆ, ತಲೆಗೆ ಇಪ್ಪತ್ತೈದು ಪುಸ್ತಕದಂತೆ ಹಂಚಿ ಇ-ಪುಸ್ತಕ ಮಾಡಿಸಿಬಿಡಿ ಎಂದರು. ಅದನ್ನೇ ಪರೀಕ್ಷೆಯ ಅಂಕಕ್ಕೆ ಸೇರಿಸೋಣ ಎಂದೂ ಹೇಳಿದರು.

ಅಲ್ಲಿಯವರೆಗೆ ತರಗತಿ ಚೆನ್ನಾಗಿಯೇ ನಡೆದಿತ್ತು. ಇ-ಪುಸ್ತಕಕ್ಕೆ ಪುಟವೆಂಬುದೇ ಇರುವುದಿಲ್ಲ, ಓದುವವರ ಪರದೆ ಎಷ್ಟಗಲವೋ ಸಾಲು ಅಷ್ಟಗಲ ಹರಿಯುತ್ತದೆ ಎಂದು ತೋರಿಸಿದ್ದೆ. ಕಣ್ಣು ಮಂದವಾದವರು ಅಕ್ಷರ ದಪ್ಪ ಮಾಡಿಕೊಳ್ಳಬಹುದು ಎಂದಾಗ ಜಯಶೀಲಾ ಎಂಬ ಹುಡುಗಿ, ಹಾಗಾದರೆ ನಮ್ಮ ಅಮ್ಮನಿಗೆ ಕನ್ನಡಕ ಬೇಡವಲ್ಲ ಎಂದು ನಕ್ಕಿದ್ದಳು. ಕುಲಸಚಿವರ ಮಾತು ಹೇಳಿದ ದಿನ ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಕಳಕೇಶ ಎದ್ದು ನಿಂತ. ಮಾತು ಕಡಿಮೆಯ ಹುಡುಗ, ತರಗತಿಯಲ್ಲೆಲ್ಲ ಚುರುಕಾದವನು ಅವನೇ.

"ಕೀಲಿ ಹೊಡದವರು ಇರೂತನಕ ಅಷ್ಟ ಇರ್ತೈತಿ ಅಂದ್ರ ಇದಕ್ಕ ಇ-ಪುಸ್ತಕ ಯಾಕ ಬೇಕ್ರಿ ಮೇಡಂ? ಮೊಳಿ ಹೋಗಿ ಕೀಲಿ ಬಂತು. ಕಟ್ಟೂ ಹಗ್ಗ ಅದ ಐತಿ. ನಾ ಹೊಡಿಯೂದಿಲ್ರಿ. ಫೇಲ್ ಮಾಡಿದ್ರ ಮಾಡ್ರಿ."

ಆಮೇಲೆ ಜಯಶೀಲಾ ನನಗೆ ಹೇಳಿದಳು. ಕಳಕೇಶನ ತಂದೆ ಊರಿನ ಹೊಲಗಳ ಮೇರೆಗಳ ದೊಡ್ಡ ಪುಸ್ತಕವನ್ನು ಬರೆದ ಗುಮಾಸ್ತ. ಕಳಕೇಶನಿಗೆ ಒಂಬತ್ತು ವರ್ಷವಿದ್ದಾಗ ಅವರಿಗೆ ವಿಷಮಜ್ವರ ಬಂತಂತೆ. ಅಂಗಳದಲ್ಲಿ ನಲವತ್ತು ಮಂದಿ ಕೂತಿದ್ದರಂತೆ. ಹೇಗಿದ್ದೀಯಪ್ಪ ಎಂದು ಒಬ್ಬರೂ ಒಳಗೆ ಬಂದು ಕೇಳಲಿಲ್ಲ, ಮೂರನೆಯ ಭಾಗ ಯಾರಾದರೂ ನಕಲು ಮಾಡಿಕೊಂಡಿದ್ದೀರಾ ಎಂದಷ್ಟೇ ಹೊರಗೆ ಮಾತಾಡಿಕೊಂಡರು. ಆ ಮನುಷ್ಯ ಬದುಕಿದರು, ಆದರೆ ಅಂದಿನಿಂದ ಹೊರಗೆ ಹೊರಟರೆ ಪಂಚಾಯಿತಿಯ ಆಳೊಬ್ಬ ಹಿಂದೆ ಹೊರಡುತ್ತಿದ್ದ.

ಮರುದಿನ ನಾನು ದಾವಲ್‌ಸಾಬರ ಮನೆಗೆ ಹೋದೆ. ಮುದ್ರಣಾಲಯದ ಹಿಂದೆ ಎರಡು ಕೋಣೆಯ ಮನೆ. ಅವರು ಕಟ್ಟೆಯ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು, ಎಲೆ ಎಲೆಯನ್ನೂ ಎರಡೇ ಬೆರಳಲ್ಲಿ ಎತ್ತಿ ತಟ್ಟೆಗೆ ಹಾಕುತ್ತಿದ್ದರು. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮಗಳು ಮಾಬುಬಿ ಘಟ್ಟದ ಕೆಳಗೆ ಬಂದರಿನ ಊರಲ್ಲಿದ್ದಳು. ಅವಳ ಮದುವೆಯ ದಿಬ್ಬಣ ಹೊರಟಾಗ ಇವರು ಬಸ್ಸಿನ ಬಾಗಿಲ ತನಕ ಹೋಗಿ ನಿಂತಿದ್ದರು. ಮೊಮ್ಮಗಳು ಹುಟ್ಟಿದಳು, ದೊಡ್ಡವಳಾದಳು, ಅವಳ ಮದುವೆಯೂ ಆಯಿತು, ಇವರು ಹೋಗಲಾಗಲಿಲ್ಲ. ಇದನ್ನೆಲ್ಲ ಅವರು ದೂರಿನ ಹಾಗೆ ಹೇಳಲಿಲ್ಲ, ಯಾರದ್ದೋ ಮನೆಯ ಸುದ್ದಿಯ ಹಾಗೆ ಹೇಳಿದರು. ನಾನು ಬಂದ ಕಾರಣ ಕೇಳಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಅಕ್ಕಾರ, ನನ್ನ ಪುಸ್ತಕ ಎಲ್ಲಾ ಆ ಡಬ್ಬ್ಯಾಗ ಹೋದ್ರ, ನನ್ನ ಬಿಡ್ತಾರೇನ್ರಿ?"

ಬಿಡುತ್ತಾರೆ ಎಂದು ಹೇಳಿದರೆ, ಅವರ ಜಾಗಕ್ಕೆ ಹದಿನಾಲ್ಕು ಮಂದಿ ಎಳೆಯರನ್ನು ಕಟ್ಟಿಹಾಕುತ್ತೇನೆ ಎಂದೇ ಅರ್ಥ. ಕೇಳಿಕೊಂಡು ಬಂದು ಹೇಳುತ್ತೇನೆ ಎಂದು ಎದ್ದುಬಂದೆ. ಅಂದಿನಿಂದ ಪಾಠದ ನಡುವೆ ಮಾತು ಮರೆಯುತ್ತಿದ್ದೆ. ದಾರಿಯಲ್ಲಿ ಯಾರು ಕೆಮ್ಮಿದರೂ ತಿರುಗಿ ನೋಡುತ್ತಿದ್ದೆ.

ಮೊದಲು ಯಂತ್ರದ ಆಸೆಗೆ ಬಿದ್ದೆ. ಪುಟಗಳನ್ನು ಸ್ಕ್ಯಾನ್ ಮಾಡಿ, ಚಿತ್ರ ನೋಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟೆವು. ಯಾರ ಕೈಯೂ ಸೋಕದ ಅಕ್ಷರ ಯಾರೊಂದಿಗೂ ಹೋಗಲಿಕ್ಕಿಲ್ಲ ಎಂಬ ಆಸೆ. ಹಳೆಯ ಮೊಳೆಯ ಸವೆದ ಅಚ್ಚು, ಒತ್ತಕ್ಷರಗಳೆಲ್ಲ ಕಲಸಿಹೋದವು. ಸೂಲಗಿತ್ತಿಯರ ಕೈಪಿಡಿಯಲ್ಲಿ 'ಬಿಸಿ ಬಟ್ಟೆ' ಎಂದಿದ್ದುದನ್ನು ಯಂತ್ರ 'ಹಸಿ ಬಟ್ಟೆ' ಎಂದು ಓದಿತ್ತು. ಜಯಶೀಲಾಳ ಅಜ್ಜಿ ಹೆರಿಗೆ ಮಾಡಿಸುವವಳು. ಅದನ್ನು ಓದಿದವಳೇ ಜಯಶೀಲಾ ಪುಸ್ತಕ ಮುಚ್ಚಿಟ್ಟಳು. ಇಂಥದ್ದನ್ನು ನಂಬಿದರೆ ಕೂಸು ಸಾಯುತ್ತದೆ ಎಂದಳು. ತಿದ್ದಲು ಕೂತರೆ ಸಾಲಿಗೆ ಮೂರು ತಪ್ಪು. ತಿದ್ದಿದ ಕೈಯೇ ಜೋಡಿಸಿದ ಕೈ. ಯಂತ್ರ ಓದಿದ ಅಕ್ಷರ ನಿಜವಾಗಿ ಯಾರದು ಎಂದು ತಿಳಿಯಲು ದಾವಲ್‌ಸಾಬರು ಸಾಯುವ ತನಕ ಕಾಯಬೇಕಿತ್ತು. ಅಷ್ಟು ಯೋಚಿಸಿದ್ದಕ್ಕೇ ನನಗೆ ನಾಚಿಕೆಯಾಯಿತು. ಆ ದಾರಿ ಬಿಟ್ಟೆ.

ಉಪಾಯ ಹೊಳೆದದ್ದು ಒಂದು ಜಗಳದಿಂದ. ಒಂದೇ ಕಡತವನ್ನು ಹಲವರು ಏಕಕಾಲಕ್ಕೆ ತೆರೆದು ಬರೆಯುವುದನ್ನು ಕಲಿಸುತ್ತಿದ್ದೆ. ಜಯಶೀಲಾ ಮತ್ತು ಪಂಪಣ್ಣ ಎಂಬ ಹುಡುಗ ಗೊತ್ತಿಲ್ಲದೆ ಒಂದೇ ಸಾಲಿನಲ್ಲಿ ಹೊಡೆಯಲು ಹೋಗಿ ಅವಳ ಒಂದು ಪದ, ಇವನ ಒಂದು ಪದ ಬೆರೆತು ಕೂತವು. ಅಳಿಸಲು ನೀನು ಯಾರು, ನೀನು ಯಾರು ಎಂದು ಕಿತ್ತಾಡುತ್ತಿದ್ದರು. ನಾನು ಆ ಸಾಲನ್ನು ನೋಡುತ್ತಾ ನಿಂತುಬಿಟ್ಟೆ. ಇವರಲ್ಲಿ ಒಬ್ಬರು ಹೋದರೂ ಅರ್ಧ ಸಾಲು ಉಳಿಯುತ್ತದೆ. ಹದಿನಾಲ್ಕು ಮಂದಿಯಾದರೆ ಹದಿನಾಲ್ಕಕ್ಕೆ ಒಂದು ಪದ ಮಾತ್ರ ಬಿದ್ದುಹೋಗುತ್ತದೆ. ಅಕ್ಕಪಕ್ಕದ ಪದ ನೋಡಿ ಉಳಿದವರು ಅದನ್ನು ತುಂಬಿಕೊಳ್ಳಬಹುದು. ಆಗ ಯಾರನ್ನೂ ಕಾಯಬೇಕಾಗಿಲ್ಲ.

ಕಳಕೇಶ ಬಿಟ್ಟು ಹದಿಮೂರು ಮಂದಿ, ನಾನೊಬ್ಬಳು. ಸರದಿಯಲ್ಲಿ ಒಬ್ಬರಿಗೊಂದು ಪದ. ಮೊದಲ ದಿನ ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಎಲ್ಲರ ತಾಳ್ಮೆಯೂ ತಪ್ಪಿತು. ಮೂಲ ಪುಸ್ತಕವನ್ನು ಯಾರಾದರೂ ಗಟ್ಟಿಯಾಗಿ ಓದಬೇಕಿತ್ತು. ಎರಡನೆಯ ದಿನ ಕಳಕೇಶ ತಾನೇ ಎದ್ದು ಬಂದು ಪುಸ್ತಕ ಕೈಗೆ ತೆಗೆದುಕೊಂಡ. ಓದುತ್ತೇನೆ, ಹೊಡೆಯುವುದಿಲ್ಲ ಎಂದ. ಅವನ ದನಿ ಚೆನ್ನಾಗಿತ್ತು. ಅವನು ಒಂದು ಪದ ಬಿಡುವುದು, ಒಂದು ಕೀಲಿಮಣೆ ಸದ್ದು ಮಾಡುವುದು, ಮುಂದಿನ ಪದ, ಮುಂದಿನ ಕೀಲಿಮಣೆ. ವಾರ ಕಳೆಯುವುದರೊಳಗೆ ಕೋಲಾಟದ ಹಾಗೆ ಗತಿ ಕೂಡಿಬಂತು. ಒಂದು ಪುಟ ಹತ್ತು ನಿಮಿಷಕ್ಕೆ ಮುಗಿಯತೊಡಗಿತು. ಮೊದಲು ಕೈಪಿಡಿ, ಆಮೇಲೆ ನಿಘಂಟು, ಆಮೇಲೆ ಪಾಠಪುಸ್ತಕ.

ಒಂದು ಶನಿವಾರ ಕೈಪಿಡಿಯನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. ಪ್ರತಿ ಹದಿನಾಲ್ಕನೆಯ ಪದದ ಜಾಗ ಖಾಲಿ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಹಲ್ಲು ಬಿದ್ದ ಬಾಯಿಯ ಹಾಗೆ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಹದಿನಾಲ್ಕನೆಯ ಸರದಿ ಪಂಪಣ್ಣನದು. ಅವನು ಅಂದು ಬಂದಿರಲಿಲ್ಲ.

ಯಾರು ಮೊದಲು ಓಡಿದರೋ ತಿಳಿಯದು. ಮೈದಾನ ದಾಟಿ, ಎಣ್ಣೆಗಾಣದ ಓಣಿಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಾನೂ ಓಡಿದೆ. ಪಂಪಣ್ಣನ ಮನೆ ಮುಟ್ಟಿದಾಗ ಅವನು ನಡುಮನೆಯಲ್ಲಿ ಕಂಬಳಿ ಹೊದ್ದು ಕೂತು ಹಾಲಿಗೆ ಟೋಸ್ಟ್ ಅದ್ದಿ ತಿನ್ನುತ್ತಿದ್ದ. ನೆಗಡಿ. ಕಳಕೇಶ ಎಲ್ಲರಿಗಿಂತ ಮುಂದೆ ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಆರಾಮ ಅದಿಯೇನೋ?" ಎಂದು ಕೇಳಿದ. ಬೇರೇನೂ ಕೇಳಲಿಲ್ಲ. ಪಂಪಣ್ಣನಿಗೆ ನಾವೆಲ್ಲ ಏಕೆ ಬಂದೆವೆಂದೇ ಅರ್ಥವಾಗಲಿಲ್ಲ. ಅವನು ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದ್ದ ಯಾವುದೋ ಕಾಲದ ಫಾಂಟಿನಲ್ಲಿ ಹೊಡೆದಿದ್ದನಂತೆ, ಗ್ರಂಥಾಲಯದ ಕಂಪ್ಯೂಟರಿಗೆ ಅದು ಗೊತ್ತಿಲ್ಲ, ಅಷ್ಟೇ. ಎಲ್ಲರೂ ಒಂದೇ ಯೂನಿಕೋಡ್ ಬಳಸಬೇಕು ಎಂದು ನಾನು ಮೂರು ತರಗತಿಯಲ್ಲಿ ಬಾಯಿ ಒಣಗುವ ತನಕ ಹೇಳಿದ್ದು ಯಾರ ತಲೆಗೂ ಹತ್ತಿರಲಿಲ್ಲ. ಆ ಶನಿವಾರದ ನಂತರ ಮತ್ತೆ ಹೇಳಬೇಕಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ಹನ್ನೊಂದು ಪುಸ್ತಕ ಮುಗಿದವು. ದಾವಲ್‌ಸಾಬರು ಮೆಟ್ಟಿಲು ಹತ್ತಲಾರದೆ ಹೋಗಿದ್ದರು. ನಾನು ಕುಲಸಚಿವರ ಬಳಿ ಹೋಗಿ, ಮುಖ್ಯವಾದವು ಆಗಿವೆ, ಇನ್ನು ಅವರನ್ನು ಮಗಳ ಮನೆಗೆ ಕಳಿಸೋಣ ಎಂದೆ. ಉಳಿದ ಮುನ್ನೂರ ಇಪ್ಪತ್ತೊಂಬತ್ತು ಮುಗಿಯಲಿ ಎಂದರು. ಅದಕ್ಕೆ ಎಷ್ಟು ವರ್ಷ ಬೇಕೆಂದು ನಾನು ಹೇಳಿದೆ. ಅಷ್ಟು ವರ್ಷ ಅವರನ್ನು ಚೆನ್ನಾಗಿ ನೋಡಿಕೊಳ್ಳೋಣ ಎಂದರು. ದಾರಿಯಲ್ಲಿ, ಘಾಟಿನಲ್ಲಿ, ಏನಾದರೂ ಆದರೆ ಜವಾಬ್ದಾರಿ ಯಾರದು ಎಂದರು. ನನ್ನದು ಎಂದು ಬರೆದುಕೊಟ್ಟೆ. ಅದನ್ನು ಓದದೆ ಮಡಚಿಟ್ಟರು. ಹಾಗೆಂದು ಅನುಮತಿಯನ್ನೇನೂ ಕೊಡಲಿಲ್ಲ.

ಸೋಮವಾರ ಹನ್ನೊಂದು ಗಂಟೆಯ ಬಸ್ಸಿಗೆ ನಾನು, ಜಯಶೀಲಾ, ಕಳಕೇಶ ಸೇರಿ ಅವರನ್ನು ಕರೆದುಕೊಂಡು ಹೋದೆವು. ಒಂದು ಚೀಲ, ಒಂದು ನೀರಿನ ಬಾಟಲಿ. ಸುದ್ದಿ ನಮಗಿಂತ ಮುಂದೆ ತಲುಪಿತ್ತು. ನಿಲ್ದಾಣದಲ್ಲಿ ನೂರು ಮಂದಿಯಾದರೂ ಇದ್ದರು, ಬಸ್ಸಿನ ಮುಂದೆ ಸುಮ್ಮನೆ ನಿಂತಿದ್ದರು. ಚಾಲಕ ಕೆಳಗಿಳಿದು ಬೀಡಿ ಹಚ್ಚಿದ. ಒಬ್ಬ ಹಿರಿಯರು ಮುಂದೆ ಬಂದು, ಸಾಹೇಬರ, ನಮ್ಮ ಮನೆಯ ಪುರಾಣ ನಿಮ್ಮ ಕೈಯದು, ನಾವೇನು ಮಾಡಬೇಕು ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. ದಾವಲ್‌ಸಾಬರು ನೆಲ ನೋಡಿದರು. ಬಸ್ಸಿನ ಸರಳು ಹಿಡಿದಿದ್ದ ಕೈ ಸಡಿಲಿಸಿದರು. ಇನ್ನೊಂದು ಗಳಿಗೆ ಆಗಿದ್ದರೆ ಅವರು ತಿರುಗಿ ಮನೆಗೆ ಹೋಗಿಬಿಡುತ್ತಿದ್ದರು ಎಂದೇ ನನಗೆ ಈಗಲೂ ಅನಿಸುತ್ತದೆ.

ಕಳಕೇಶ ಆ ಹಿರಿಯರಿಗೆ ಹೇಳಿದ. "ಅಜ್ಜಾ, ಆ ಪುರಾಣ ನಿಮ್ಮ ಮನ್ಯಾಗ ಯಾರ್ ಓದ್ತಾರ? ಓದೂದು ಇದ್ರ ಇವತ್ತ ತಗೊಂಡು ಬರ್ರಿ, ಕುಂತು ಓದ್ರಿ, ನಮ್ಮ ಹುಡುಗ್ರು ಹೊಡೀತಾರ. ಇವರಿಗೆ ಎಪ್ಪತ್ತಾರು. ಮಗಳ ಮನಿ ಇನ್ನಾ ನೋಡಿಲ್ಲ ಇವರು."

ಹಿರಿಯರು ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದರು. ದಾವಲ್‌ಸಾಬರನ್ನು ಹತ್ತಿಸಿ ನಾವು ಕೆಳಗೆ ನಿಂತೆವು, ಹಿರಿಯರು ಸರಿದಷ್ಟೇ ಜಾಗದಲ್ಲಿ ಬಸ್ಸು ಹೊರಟಿತು. ಘಾಟಿನ ತಿರುವುಗಳಲ್ಲಿ ಏನಾಗುವುದೋ ಎಂದು ಊರೆಲ್ಲ ಅಂದು ಪುಸ್ತಕ ಬಿಡಿಸಿ ಇಟ್ಟುಕೊಂಡು ಕೂತಿತ್ತಂತೆ. ನಾವೂ ಹಾಗೇ ಕೂತಿದ್ದೆವು. ಸಂಜೆ ಐದಕ್ಕೆ ಮಾಬುಬಿ ಫೋನ್ ಮಾಡಿ, ಅಪ್ಪ ಬಂದ, ಊಟ ಮಾಡುತ್ತಿದ್ದಾನೆ ಎಂದಳು.

ಅವರು ಅಲ್ಲಿ ನಾಲ್ಕೂವರೆ ತಿಂಗಳು ಬದುಕಿದರು. ನಾವು ಭಾನುವಾರವೂ ಬಿಡದೆ ಹೊಡೆದೆವು. ಹುಡುಗರ ಬೆರಳ ತುದಿಗಳು ನೋಯುತ್ತಿದ್ದವು, ನನಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಯಾವುದನ್ನು ಮೊದಲು ಹೊಡೆಯುವುದು ಎಂಬುದಕ್ಕೆ ದಿನಾ ವಾದ. ಒಂದನ್ನು ಎತ್ತಿಕೊಂಡರೆ ಇನ್ನೊಂದನ್ನು ಬಿಟ್ಟಂತೆ, ಬಿಟ್ಟದ್ದು ಯಾರದ್ದೋ ಮನೆಗೆ ಬೇಕಾದದ್ದು. ಮಾರ್ಚಿನ ಒಂದು ಬೆಳಿಗ್ಗೆ ಕಳಕೇಶ ನಲವತ್ತೊಂದನೆಯ ಪುಸ್ತಕ ಓದುತ್ತಿದ್ದ, ಬಾವಿ ತೋಡುವವರ ಬಗೆಗಿನದು. "ಮೊದಲ ಕಲ್ಲು ಸಿಕ್ಕಾಗ ಅಗೆಯುವವನು" ಎಂದು ಓದಿ ನಿಂತ. ಸರದಿ ಜಯಶೀಲಾಳದು, ಮುಂದಿನ ಪದ ಹೇಳು ಎಂದಳು. ಅವನು ಪುಸ್ತಕವನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದ. ಎರಡು ಪುಟವೂ ಬೆಳ್ಳಗಿದ್ದವು.

ನಾವು ತಲೆ ಬಗ್ಗಿಸಿ ಪರದೆ ನೋಡಿದೆವು. ನಾವು ಹೊಡೆದದ್ದು ಅಲ್ಲೇ ಇತ್ತು. ಪಂಪಣ್ಣ ನಿಘಂಟು ತೆರೆದ, ಇತ್ತು. ಕೈಪಿಡಿ ಇತ್ತು. ನಲವತ್ತು ಪುಸ್ತಕ ಇದ್ದವು, ನಲವತ್ತೊಂದನೆಯದು 'ಅಗೆಯುವವನು' ಎಂಬಲ್ಲಿಗೆ ನಿಂತಿತ್ತು. ಸಂತೋಷಪಡಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಜಯಶೀಲಾ ಅತ್ತಳು. ಆಮೇಲೆ ಫೋನ್ ಬಂತು. ಮಾಬುಬಿ ಸಮಾಧಾನದಿಂದಲೇ ಮಾತಾಡಿದಳು. ಅಪ್ಪ ದಿನಾ ಬೆಳಿಗ್ಗೆ ಮೀನು ಮಾರುವ ಹೆಂಗಸರ ಜೊತೆ ಚೌಕಾಸಿ ಮಾಡಿ ಜಗಳ ಹಚ್ಚಿಕೊಂಡು ಬರುತ್ತಿದ್ದನಂತೆ. ಇಲ್ಲಿ ನನ್ನ ಕೆಮ್ಮು ಯಾರಿಗೂ ಬೇಕಾಗಿಲ್ಲ ನೋಡು ಎಂದು ಖುಷಿಪಡುತ್ತಿದ್ದನಂತೆ.

ನಾವು ಹೊಡೆದು ಮುಗಿಸದ ಮುನ್ನೂರು ಪುಸ್ತಕ ಬಿಳಿಯಾದವು. ಕುಲಸಚಿವರಿಂದ ನನಗೆ ನೋಟಿಸು ಬಂತು, ಮುಂದಿನ ವರ್ಷದ ಆದೇಶ ಬರಲಿಲ್ಲ. ಅದನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು, ಮರುವಾರದಿಂದ ಜನ ನಮ್ಮ ವಿಭಾಗದ ಬಾಗಿಲಿಗೆ ಬರತೊಡಗಿದ್ದು. ಬೈಯಲು ಬಂದರೆಂದು ಮೊದಲು ಹೆದರಿದೆ. ಕೆಲವರು ಬೈದರು ಕೂಡ. ಉಳಿದವರು ಬಿಳಿಯಾದ ಪುಸ್ತಕವನ್ನು ಸೆರಗಿನಲ್ಲಿ, ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು, ನನಗೆ ಇದರಲ್ಲಿ ಸ್ವಲ್ಪ ನೆನಪಿದೆ, ಬರೆದುಕೊಳ್ಳುತ್ತೀರಾ ಎಂದು ಕೇಳಿದರು.

ನನಗೆ ಉಳಿದಿದ್ದುದು ಮೂರು ವಾರ. ಆ ದಿನಗಳಲ್ಲೇ ಸಿದ್ದವ್ವ ಎಂಬ ಮುದುಕಿ ಬಂದಳು. ದನಗಳ ರೋಗಕ್ಕೆ ಔಷಧಿ ಹೇಳುವ ಪುಸ್ತಕ ಅವಳ ಗಂಡ ಬರೆದದ್ದು. ಅವನು ಹೋಗಿ ಎಷ್ಟೋ ಕಾಲವಾಗಿದ್ದರೂ ದಾವಲ್‌ಸಾಬರ ಕೈಯಿಂದಾಗಿ ಪುಸ್ತಕ ಉಳಿದಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ, ಅವನು ಬರೆಯುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದುದನ್ನು ಕೇಳಿ ಬಾಯಿಪಾಠವಾಗಿತ್ತು. ಹದಿನಾಲ್ಕು ಮಂದಿಯ ಮುಂದೆ ಹೇಳಲು ಒಪ್ಪಲಿಲ್ಲ. ಒಬ್ಬರ ಮುಂದೆ ಹೇಳುತ್ತೇನೆ, ಈ ಓದುವ ಹುಡುಗನೇ ಆಗಲಿ ಎಂದಳು. ನಾನು ಕಳಕೇಶನ ಕಡೆ ನೋಡಲಿಲ್ಲ. ಕುರ್ಚಿ ಎಳೆದ ಸದ್ದು ಕೇಳಿಸಿತು, ಆಮೇಲೆ ಕೀಲಿಗಳದು.

ಮೂರು ದಿನ ಅವಳು ಹೇಳಿದಳು, ಅವನು ಒಬ್ಬನೇ ಹೊಡೆದ. ನಡುನಡುವೆ, ಹಂಗಲ್ಲ, ಹಂಗಿರಲಿಲ್ಲ ಎಂದು ತಿದ್ದಿಸುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ, ಆಕಳಿಗೆ ಕೆಚ್ಚಲು ಬಾತರೆ ಏನು ಮಾಡಬೇಕು ಎಂಬಲ್ಲಿ ಅವಳು ಹೇಳುವುದನ್ನು ನಿಲ್ಲಿಸಿದಳು. ಮರೆತಿರಬೇಕು ಎಂದು ಅವನು ಕಾದ. ಅವಳು ಕಿಟಕಿಯ ಹೊರಗೆ ನೋಡಿದಳು.

"ಇಲ್ಲಿ ಅವರು ಬರದದ್ದು ತಪ್ಪು. ಅರಿಷಿಣದ ಕೂಡ ಸುಣ್ಣಾನೂ ಹಾಕಬೇಕು. ನಾ ಹೇಳಿದ್ದೆ. ನೀ ಏನ್ ಬಲ್ಲಿ ಅಂತ ಬಿಟ್ರು. ಅದನ್ನ ಹಾಕಪಾ ಈಗ."

ಕಳಕೇಶ ನನ್ನನ್ನು ನೋಡಿದ. ಆಮೇಲೆ ನನ್ನ ಉತ್ತರಕ್ಕೆ ಕಾಯದೆ, "ಸುಣ್ಣ ಎಷ್ಟ ಹಾಕಬೇಕ್ರಿ ಅಮ್ಮಾ?" ಎಂದು ಕೇಳಿ ಹೊಡೆಯತೊಡಗಿದ.